ಚಳಿಜ್ವರದ ನಕಾಶೆ

ಸೊಳ್ಳೆಯ ಮೇಲೆ ಹೆಚ್ಚಿನವರಿಗೆ ಅನುಮಾನವೇ ಹುಟ್ಟಿರದ ಕಾಲದಲ್ಲಿ, 1840ರ ದಶಕದಲ್ಲಿ, ಯಮುನೆಯ ಕಾಲುವೆಗುಂಟ ಇದ್ದ ಹಳ್ಳಿಗಳಿಗೆ ಒಂದು ಸಮಿತಿ ಹೋಯಿತು. ಕಾಲುವೆ ಬಂದ ಮೇಲೆ ಕರ್ನಾಲ್ ಸೀಮೆಯಲ್ಲಿ ಜ್ವರ ಹೆಚ್ಚಿತು ಎಂಬ ದೂರು ಇತ್ತು. ಸಮಿತಿಯಲ್ಲಿ ಬೇಕರ್, ಡೆಂಪ್‌ಸ್ಟರ್, ಯೂಲ್ ಎಂಬ ಮೂವರು. ಡೆಂಪ್‌ಸ್ಟರ್ ವೈದ್ಯ. ರಕ್ತದಲ್ಲಿ ಮಲೇರಿಯಾ ಹುಡುಕುವ ವಿದ್ಯೆ ಆಗ ಬಂದಿರಲಿಲ್ಲ. ಹಾಗಾಗಿ ಜನರ ಎಡಪಕ್ಕೆಯ ಕೆಳಗೆ ಬೆರಳ ತುದಿ ಒತ್ತಿ ನೋಡುವುದೇ ಪರೀಕ್ಷೆ. ಉಸಿರು ಎಳೆದುಕೊಂಡಾಗ ಪಕ್ಕೆಲುಬಿನ ಮರೆಯಿಂದ ಗಟ್ಟಿಯಾದದ್ದೊಂದು ಇಳಿದು ಬಂದು ಬೆರಳಿಗೆ ತಾಗಿದರೆ ಗುಲ್ಮ ಊದಿದೆ ಎಂದು ಅರ್ಥ. ನಮ್ಮ ಹಿರಿಯರು ಇದನ್ನೇ ಜ್ವರಗಡ್ಡೆ ಅನ್ನುತ್ತಿದ್ದರು. ಮೇಲಿಂದ ಮೇಲೆ ಚಳಿಜ್ವರ ಬಿದ್ದವರ ಹೊಟ್ಟೆಯಲ್ಲಿ ಅದು ಬೆಳೆಯುತ್ತದೆ. ಯಾವ ಊರಲ್ಲಿ ಎಷ್ಟು ಮಂದಿಗೆ ಗಡ್ಡೆ ಇದೆ ಎಂದು ಬರೆದುಕೊಂಡು, ಆ ಊರುಗಳನ್ನು ಕಾಲುವೆಯ ಜೊತೆ ಇಟ್ಟು ತಾಳೆ ನೋಡಿದರು. 1847ರಲ್ಲಿ ವರದಿ ಬಂತು. ಬರೀ ಕಾಲುವೆಯನ್ನು ದೂರಿ ಫಲವಿಲ್ಲ, ನೀರು ಹರಿದು ಹೋಗಲು ದಾರಿಯಿಲ್ಲದೆ ಜವುಳು ಹಿಡಿದ ನೆಲವೇ ದೊಡ್ಡ ಕಾರಣ ಎಂಬುದು ಅದರ ತಾತ್ಪರ್ಯ.

ನನಗೆ ಇದು ಇವತ್ತಿಗೂ ಸೋಜಿಗ. ರೋಗಾಣು ಗೊತ್ತಿಲ್ಲ, ಸೊಳ್ಳೆಯ ಪಾತ್ರ ಗೊತ್ತಿಲ್ಲ, ಕೆಟ್ಟ ಗಾಳಿಯಿಂದ ಜ್ವರ ಹುಟ್ಟುತ್ತದೆ ಎಂಬುದೇ ಎಲ್ಲರ ನಂಬಿಕೆ. ಆದರೂ ಊರಿಂದ ಊರಿಗೆ ಹೋಗಿ, ಮುಟ್ಟಿ, ಎಣಿಸಿ, ಬರೆದುಕೊಂಡದ್ದರಿಂದ ಬೊಟ್ಟು ಸರಿಯಾದ ಜಾಗದ ಮೇಲೆಯೇ ಬಿತ್ತು. ಕಾರಣ ತಿಳಿಯುವ ಐವತ್ತು ವರ್ಷ ಮೊದಲೇ ಜಾಗ ತಿಳಿಯಿತು. ಮುಂದೆ ವೈದ್ಯರು ಈ ಗುಲ್ಮ ಪರೀಕ್ಷೆಯನ್ನು ಎರಡರಿಂದ ಹತ್ತು ವರ್ಷದೊಳಗಿನ ಮಕ್ಕಳಿಗೆ ಗೊತ್ತುಮಾಡಿಕೊಂಡರು. ಅಂಥ ಪರೀಕ್ಷೆಗಳನ್ನೂ ಮಳೆ, ಎತ್ತರ, ನೆಲದ ಗುಣವನ್ನೂ ಕೂಡಿಸಿ 1926ರಲ್ಲಿ ಕ್ರಿಸ್ಟೋಫರ್ಸ್ ಮತ್ತು ಸಿಂಟನ್ ಎಂಬ ಇಬ್ಬರು ವೈದ್ಯರು ಇಡೀ ಹಿಂದೂಸ್ತಾನದ ಮಲೇರಿಯಾ ನಕಾಶೆ ಪ್ರಕಟಿಸಿದರು. ಹೆಸರು ಬರೆಯದ ಸಾವಿರಾರು ಮಕ್ಕಳು ಒಳಕ್ಕೆಳೆದುಕೊಂಡ ಉಸಿರು ಆ ಹಾಳೆಯ ಬಣ್ಣಗಳಲ್ಲಿ ಸೇರಿದೆ.

ನಮ್ಮ ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನಂಥ ಊರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ಹಳೆಯ ವರದಿಯ ಬಗ್ಗೆ ಯೋಚಿಸಿದರೆ ಅದು ನಮ್ಮ ಮನೆಯ ಮಾತಾಗುತ್ತದೆ. ಈ ಜಿಲ್ಲೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಾಡು. ತೆಂಕಣಕ್ಕೆ ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದು ಎರೆನೆಲ ಭತ್ತದ ಗದ್ದೆಯಾಯಿತು. ಬಡಗಣಕ್ಕೆ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ಬಲದಂಡೆ ಕಾಲುವೆ ಹೊರಟಿತು. ನಡುವೆ ಉಳಿದ ಊರುಗಳು ಎರಡೂ ಹೊಳೆಗಳ ಹೆಸರು ಹೇಳುತ್ತ ಮುಗಿಲು ನೋಡುತ್ತ ಕೂತವು. ಅದಕ್ಕೇ 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಹೂಡಿದರು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಮಾಡಿಕೊಡಿ ಎಂದು ತಿಂಗಳುಗಟ್ಟಲೆ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಎಲ್ಲ ಪಕ್ಷದವರ ಬಾಯಲ್ಲೂ ಆ ಕಾಲುವೆಯ ಮಾತು ಬಂತು.

ನೀರು ಕೊಡಿ ಎಂದು ಕೂತವರ ಮುಂದೆ ನೀರಿನ ಹಿಂದೆ ಬರುವ ಜ್ವರದ ಮಾತು ಎತ್ತುವುದು ಕಷ್ಟ. ಎತ್ತದೆ ಇದ್ದರೆ ಅದು ಅನ್ಯಾಯ. ಹಳೇ ಮೈಸೂರಿನ ಕಡೆ ಇದರ ಅನುಭವ ಆಗಿಹೋಗಿದೆ. ಕನ್ನಂಬಾಡಿಯ ನೀರು ಇರ್ವಿನ್ ಕಾಲುವೆಯಲ್ಲಿ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯ ಸೀಮೆಗೆ ಹರಿದ ಮೇಲೆ 1930ರ ದಶಕದಲ್ಲಿ ಅಲ್ಲಿ ಮಲೇರಿಯಾ ಏರಿತು. ಮೈಸೂರು ಸರ್ಕಾರದ ಆರೋಗ್ಯ ಇಲಾಖೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಾಗೇನಹಳ್ಳಿ, ಹಿರಿಯೂರು, ಮೂಡಿಗೆರೆ, ಮಂಡ್ಯಗಳಲ್ಲಿ ಮಲೇರಿಯಾ ಕೇಂದ್ರಗಳನ್ನು ನಡೆಸಿ ಸೊಳ್ಳೆಯ ಬೆನ್ನು ಹತ್ತಿತ್ತು. ಡಾ. ಸ್ವೀಟ್, ಡಾ. ಬಿ. ಎ. ರಾವ್ ಅವರಂಥವರು ಕೆರೆ ಕಾಲುವೆಗಳ ಅಂಚಿನಲ್ಲಿ ಮರಿಹುಳ ಹುಡುಕಿ, ಊರೂರಿನ ಲೆಕ್ಕ ಇಟ್ಟರು. ಗದ್ದೆಗೆ ಸದಾ ನೀರು ನಿಲ್ಲಿಸದೆ ನಡುನಡುವೆ ಬಿಟ್ಟು ಒಣಗಿಸುವ ಉಪಾಯವೂ ಅಂಥ ಲೆಕ್ಕಗಳಿಂದಲೇ ಬಂದದ್ದು. ಬೆಚ್ಚನೆಯ ಕಾಲದಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸೊಳ್ಳೆಗೆ ಸುಮಾರು ಒಂದು ವಾರ, ಹತ್ತು ದಿನ ಬೇಕು. ಅಷ್ಟರೊಳಗೆ ನೆಲ ಒಣಗಿದರೆ ಆ ತಲೆಮಾರು ಮುಗಿಯಿತು. ಕಾಲುವೆ ಕೊಡುವವರು ಬಸಿಗಾಲುವೆಯನ್ನೂ ಕೊಡಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಬಸಿಗಾಲುವೆಯನ್ನು ಮಂದಿ ಜವುಳಿನ ಸಲುವಾಗಿ ಕೇಳುತ್ತಾರೆ, ಜ್ವರದ ಸಲುವಾಗಿಯೂ ಕೇಳಬೇಕು.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗೆ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂದು ಹೆಸರು. ಆಗ ತಾನೆ ನೀರು ಕಟ್ಟಿದ, ಪೈರು ಇನ್ನೂ ಎಳೆಯದಾಗಿರುವ ಗದ್ದೆ ಅದಕ್ಕೆ ಇಷ್ಟ. ಕಾಲುವೆಯ ಸೋರಿಕೆ, ನೀರು ನಿಂತ ಮೇಲೆ ಹಳ್ಳದಲ್ಲಿ ಉಳಿಯುವ ಗುಂಡಿಗಳು ಕೂಡ ಇಷ್ಟ. ಪೈರು ಬೆಳೆದು ನೆರಳು ಕವಿದರೆ ಅದು ಜಾಗ ಬದಲಿಸುತ್ತದೆ. ಮನುಷ್ಯನಿಗಿಂತ ದನದ ರಕ್ತವೇ ಅದಕ್ಕೆ ರುಚಿ, ಹಗಲು ಕಳೆಯುವುದು ಹೆಚ್ಚಾಗಿ ದನದ ಕೊಟ್ಟಿಗೆಯಲ್ಲಿ. ಇನ್ನೂ ಒಂದು ಮಾತಿದೆ. ಈ ಒಂದೇ ಹೆಸರಿನಲ್ಲಿ ಐದು ಬೇರೆ ಬೇರೆ ಜಾತಿಗಳು ಅಡಗಿವೆ. ಎ, ಬಿ, ಸಿ, ಡಿ, ಇ ಎಂದು ಕರೆಯುತ್ತಾರೆ. ಕಣ್ಣಿಗೆ ಐದೂ ಒಂದೇ. ಅರೆಗರ್ಭದ ಹೆಣ್ಣು ಸೊಳ್ಳೆಯ ಅಂಡಾಶಯ ತೆಗೆದು, ಅದರ ವರ್ಣತಂತುಗಳ ಪಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿದರೆ ಯಾವುದು ಯಾವುದೆಂದು ತಿಳಿಯುತ್ತದೆ. ಈ ಐದರಲ್ಲಿ ಬಿ ಎಂಬುದು ಮಲೇರಿಯಾ ಹರಡುವುದು ತೀರಾ ಕಡಿಮೆ. ಎರಡು ಹಳ್ಳಿಗಳಲ್ಲಿ ಒಂದೇ ಥರದ ಗದ್ದೆ, ಒಂದೇ ಥರದ ಸೊಳ್ಳೆ, ಆದರೆ ಒಂದರಲ್ಲಿ ಜ್ವರ, ಇನ್ನೊಂದರಲ್ಲಿ ಇಲ್ಲ ಅನ್ನುವಂತಾದರೆ ಅದರ ಗುಟ್ಟು ಕೆಲವೊಮ್ಮೆ ಆ ಪಟ್ಟೆಗಳಲ್ಲಿ ಇರುತ್ತದೆ.

ಸೊಳ್ಳೆ ಕಚ್ಚಿ ಮಲೇರಿಯಾ ಬರುತ್ತದೆ ಎಂದು ಈಗ ಶಾಲೆಯ ಮಗುವೂ ಹೇಳುತ್ತದೆ. ಆ ಮಾತಿನ ಹಿಂದಿನ ಕೆಲಸದ ಒಂದು ದೊಡ್ಡ ಪಾಲು ನಡೆದದ್ದು ನಮ್ಮ ರಾಯಚೂರು ಸೀಮೆ ಸೇರಿದ್ದ ಆಗಿನ ನಿಜಾಮ ರಾಜ್ಯದಲ್ಲೇ. ಸೇನಾ ವೈದ್ಯ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಇದ್ದಾಗ ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಮರಿಹುಳ ಕಂಡು, ಅದನ್ನು ಚೆಲ್ಲಿಸಿದ. ಸೊಳ್ಳೆ ಕಡಿಮೆಯಾದವು. ಆಗ ಅದು ಬರೀ ಕಿರಿಕಿರಿಗೆ ಕಂಡುಕೊಂಡ ಉಪಾಯ. ಮುಂದೆ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಕಚ್ಚಿಸಿದ ಸೊಳ್ಳೆಗಳನ್ನು ಸಾಕಿ, ಒಂದೊಂದಾಗಿ ಸೀಳಿ ನೋಡುತ್ತ, 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಕಣಗಳನ್ನು ಕಂಡ. ಹುಸೇನ್ ಖಾನನಿಗೆ ಕಚ್ಚಿದ ಒಂದು ಸೊಳ್ಳೆಗೆ ಒಂದಾಣೆ ಕೊಟ್ಟಿದ್ದ. ರಾಸನಿಗೆ 1902ರಲ್ಲಿ ನೊಬೆಲ್ ಬಂತು. ಮೈ ಒಡ್ಡಿದ ಹುಸೇನ್ ಖಾನನ ಹೆಸರು ಉಳಿದದ್ದು ರಾಸ್ ಬರೆದಿಟ್ಟದ್ದರಿಂದ. ಆ ಹೆಸರನ್ನು ನಾವು ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕು ಅನಿಸುತ್ತದೆ.

ರಾಸನ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ, ನಕಾಶೆಗೆ ಅದೇ ಮುಖ್ಯ. ಆತ ಜ್ವರ ಹರಡುವುದನ್ನು ಗಣಿತದಲ್ಲಿ ಬರೆದ. ಸೊಳ್ಳೆಗಳನ್ನು ಪೂರ್ತಿ ನಾಶ ಮಾಡಬೇಕಿಲ್ಲ, ಒಂದು ಮಟ್ಟದ ಕೆಳಗೆ ಇಳಿಸಿದರೆ ಸಾಕು, ಮಲೇರಿಯಾ ತಾನಾಗಿ ಆರಿಹೋಗುತ್ತದೆ ಎಂದು ತೋರಿಸಿದ. ಇದರ ಒಳಗಿನ ಲೆಕ್ಕ ನೋಡಿ. ರೋಗಿಯನ್ನು ಕಚ್ಚಿದ ಸೊಳ್ಳೆ ಮರುದಿನವೇ ಯಾರಿಗೂ ಮಲೇರಿಯಾ ಕೊಡಲಾರದು. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಬರಲು ಸುಮಾರು ಹತ್ತು ಹನ್ನೆರಡು ದಿನ ಬೇಕು. ಅಷ್ಟು ದಿನ ಬದುಕುವ ಸೊಳ್ಳೆಗಳೇ ಕಡಿಮೆ. ರಾಯಚೂರಿನ ಬೇಸಗೆಯ ಒಣ ಬಿಸಿಲಿನಲ್ಲಿ ಇನ್ನೂ ಕಡಿಮೆ. ಹೀಗಾಗಿ ಒಂದು ಊರಿನ ಜ್ವರವೆಲ್ಲ ನಿಂತಿರುವುದು ಲಕ್ಷ ಸೊಳ್ಳೆಗಳಲ್ಲಿ ಮುದಿತನ ಕಂಡ ಕೆಲವೇ ಕೆಲವು ಹೆಣ್ಣು ಸೊಳ್ಳೆಗಳ ಮೇಲೆ. ಮಳೆಗಾಲದ ತಂಪು ಅವುಗಳ ಆಯುಸ್ಸಿಗೆ ನಾಲ್ಕು ದಿನ ಕೂಡಿಸಿದರೆ ಊರಿಗೆ ಊರೇ ಕಂಬಳಿ ಹೊದೆಯುತ್ತದೆ.

ಇಂಥ ನಾಜೂಕಿನ ಸಂಗತಿಯನ್ನು ಹಾಳೆಯ ಮೇಲೆ ತರುವುದು ಹೇಗೆ? ಒಂದು ಚುಕ್ಕಿ ಹುಟ್ಟುವುದನ್ನು ಹತ್ತಿರದಿಂದ ನೋಡಬೇಕು. ಜ್ವರ ಬಂದವರ ಉಂಗುರದ ಬೆರಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಆರಲು ಬಿಟ್ಟು, ಸೂಜಿ ಚುಚ್ಚುತ್ತಾರೆ. ಮೊದಲ ಹನಿಯನ್ನು ಒರೆಸಿ ಬಿಡುತ್ತಾರೆ. ಆಮೇಲಿನ ಹನಿಗಳನ್ನು ಗಾಜಿನ ಪಟ್ಟಿಗೆ ತಾಗಿಸಿ, ಒಂದು ಕಡೆ ದಪ್ಪ ಲೇಪ, ಪಕ್ಕದಲ್ಲಿ ಇನ್ನೊಂದು ಗಾಜಿನ ಅಂಚಿನಿಂದ ಎಳೆದ ತೆಳು ಲೇಪ. ತೆಳು ಲೇಪದ ಮೇಲೆ ಪೆನ್ಸಿಲಿನಿಂದ ನಂಬರು. ಅದೇ ನಂಬರು ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಊರು, ಮನೆಯ ಮುಂದೆ. ಪ್ರಯೋಗಾಲಯದಲ್ಲಿ ನೀಲಿ, ಕೆಂಪು ಬಣ್ಣದಲ್ಲಿ ಅದ್ದಿ ತೊಳೆದು, ಒಂದು ಹನಿ ಎಣ್ಣೆ ಹಾಕಿ, ನೂರು ನೋಟಗಳಾದರೂ ನೋಡಿ ಆಮೇಲೆ ಇಲ್ಲ ಅಥವಾ ಇದೆ ಅನ್ನಬೇಕು. ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಇದ್ದರೆ ರಕ್ತಕಣ ಉಬ್ಬಿ, ಒಳಗೆ ಕೆಂಪು ಚುಕ್ಕೆ ಚೆಲ್ಲಿರುತ್ತದೆ. ಫಾಲ್ಸಿಪಾರಂ ಎಂಬ ಇನ್ನೊಂದು ಬಗೆ ಇದ್ದರೆ ಬಿದಿಗೆಯ ಚಂದ್ರನ ಥರ ಬಾಗಿದ ಆಕಾರಗಳು ಕಾಣಬಹುದು. ಕಂಡರೆ ಮಾತ್ರ ನಕಾಶೆಯ ಮೇಲೆ ಒಂದು ಚುಕ್ಕಿ. ಈಗ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಕಾಲು ಗಂಟೆಯಲ್ಲಿ ಹೇಳುವ ಪಟ್ಟಿ ಇದೆ. ಆದರೂ ಈ ಗಾಜಿನ ಪಟ್ಟಿಗೆ ಬೆಲೆ ಹೋಗಿಲ್ಲ.

ಹಿಂದೆ ಹಳ್ಳಿಯ ಮನೆಗಳ ಗೋಡೆಯ ಮೇಲೆ ಬಣ್ಣದಲ್ಲಿ ಅಚ್ಚೊತ್ತಿದ ಒಂದು ಚೌಕ ಇರುತ್ತಿತ್ತು. ಮಲೇರಿಯಾ ಕೆಲಸದವನು ಹದಿನೈದು ದಿನಕ್ಕೊಮ್ಮೆ ಬಂದು, ಜ್ವರ ಯಾರಿಗಾದರೂ ಬಂದಿತ್ತಾ ಎಂದು ಕೇಳಿ, ಆ ಚೌಕದಲ್ಲಿ ತಾರೀಖು ಹಾಕಿ ಸಹಿ ಮಾಡುತ್ತಿದ್ದ. ದೇಶದ ಅತಿ ದೊಡ್ಡ ನಕಾಶೆ ಹೀಗೆ ಸುಣ್ಣದ ಗೋಡೆಗಳ ಮೇಲೆ ಬರೆಯಲ್ಪಟ್ಟಿತು. ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಮಂದಿಗೆ ಮಲೇರಿಯಾ, 8 ಲಕ್ಷ ಸಾವು ಎಂದು ಅಂದಾಜು. 1953ರಲ್ಲಿ ನಿಯಂತ್ರಣದ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನದ ಕಾರ್ಯಕ್ರಮ ಶುರುವಾದವು. ಡಿಡಿಟಿ ಸಿಂಪಡಣೆ, ಮನೆ ಮನೆಯ ಭೇಟಿ. 1965ರ ಹೊತ್ತಿಗೆ ರೋಗಿಗಳು 1 ಲಕ್ಷಕ್ಕೆ ಇಳಿದರು. ನಕಾಶೆ ಬಹುಪಾಲು ಬಿಳಿಯಾಯಿತು. ಬಿಳಿಯಾದ ಮೇಲೆ ನಿಗಾ ಸಡಿಲವಾಯಿತು, ಡಿಡಿಟಿಗೆ ಸೊಳ್ಳೆ ಒಗ್ಗಿಕೊಂಡಿತು, ಔಷಧ ಸಾಮಗ್ರಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ. ಬಿಳಿ ಜಾಗ ಎಂದರೆ ರೋಗ ಇಲ್ಲದ ಜಾಗವೂ ಇರಬಹುದು, ಯಾರೂ ಹೋಗಿ ನೋಡದ ಜಾಗವೂ ಇರಬಹುದು. ಹಾಳೆಯ ಮೇಲೆ ಎರಡಕ್ಕೂ ಬಣ್ಣ ಒಂದೇ. ನನ್ನ ಮಟ್ಟಿಗೆ ಈ ನಕಾಶೆಗಳ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಭಯ ಹುಟ್ಟಿಸುವ ಸಂಗತಿ ಇಲ್ಲ.

ಇನ್ನು ಗುಳೆಯ ಮಾತು. ಮಸ್ಕಿ, ಲಿಂಗಸುಗೂರು, ದೇವದುರ್ಗದ ಕಡೆಯಿಂದ ಸುಗ್ಗಿ ಮುಗಿದ ಮೇಲೆ ಮಂದಿ ಬೆಂಗಳೂರು, ಪುಣೆ, ಮಂಗಳೂರು ಎಂದು ದುಡಿಯಲು ಹೋಗುತ್ತಾರೆ. ಮಂಗಳೂರು ಬಹಳ ವರ್ಷ ಕರ್ನಾಟಕದ ಮಲೇರಿಯಾದ ದೊಡ್ಡ ತಾಣವಾಗಿತ್ತು. ಕಟ್ಟಡ ಕಟ್ಟುವ ಜಾಗದಲ್ಲಿ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಪಟ್ಟಣದ ಸೊಳ್ಳೆ ಹುಟ್ಟುತ್ತದೆ, ಅಲ್ಲೇ ಶೆಡ್ಡಿನಲ್ಲಿ ಮಲಗುವ ಕೂಲಿಯವರನ್ನು ಮೊದಲು ಕಚ್ಚುತ್ತದೆ. ಆ ಕೂಲಿಯವರಲ್ಲಿ ಬಹಳ ಮಂದಿ ನಮ್ಮ ಕಡೆಯವರು. ವೈವ್ಯಾಕ್ಸ್ ಮಲೇರಿಯಾದ ವಿಚಿತ್ರವೆಂದರೆ ಅದರ ಕೆಲವು ಕಣಗಳು ಯಕೃತ್ತಿನಲ್ಲಿ ಸುಮ್ಮನೆ ನಿದ್ದೆ ಹೋಗುತ್ತವೆ. ವಾರ, ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಳೆದು ಎಚ್ಚರಗೊಳ್ಳುತ್ತವೆ. ಊರಿಗೆ ಬಂದ ಹುಡುಗನಿಗೆ ಒಂದು ಸಂಜೆ ಚಳಿ ಹತ್ತುತ್ತದೆ. ಆಶಾ ಕೇಳುತ್ತಾಳೆ:

"ತಮ್ಮಾ, ಎಲ್ಲಿಗೆ ದುಡಿಯಾಕ ಹೋಗಿದ್ದಿ?"

"ಮಂಗಳೂರಿಗ್ರೀ ಅಕ್ಕಾರ. ಸೆಂಟ್ರಿಂಗ್ ಕೆಲಸ."

"ಬಂದು ಎಷ್ಟು ದಿನ ಆತು?"

"ಮೂರು ತಿಂಗಳಾತ್ರಿ."

ಈಗ ಚುಕ್ಕಿಯನ್ನು ಎಲ್ಲಿ ಇಡಬೇಕು? ಜ್ವರ ಬಂದ ಮನೆ ಒಂದು ಕಡೆ, ಸೊಳ್ಳೆ ಕಚ್ಚಿದ ಜಾಗ ನೂರಾರು ಮೈಲಿ ಆಚೆ. ಇಲ್ಲಿ ಇಟ್ಟರೆ ಊರಿನಲ್ಲಿ ಸೊಳ್ಳೆಗೆ ಮದ್ದು ಹೊಡೆಯುತ್ತಾರೆ, ಅಲ್ಲಿ ಇಟ್ಟರೆ ಇಲ್ಲಿಯ ಎಚ್ಚರ ತಪ್ಪುತ್ತದೆ. ಊರಿನ ಸೊಳ್ಳೆ ಈ ಹುಡುಗನನ್ನು ಕಚ್ಚಿದರೆ ಮಂಗಳೂರಿನ ಮಲೇರಿಯಾ ಇಲ್ಲಿಯದೇ ಆಗುತ್ತದೆ. ಅದಕ್ಕೇ ಆ ನಾಲ್ಕು ಸಾಲಿನ ಮಾತು ಯಾವ ಯಂತ್ರಕ್ಕೂ ಕಡಿಮೆ ಇಲ್ಲದ ವಿಜ್ಞಾನ. ಮಂಗಳೂರಿನಲ್ಲಿ 2015ರಿಂದ ಆರೋಗ್ಯ ಕಾರ್ಯಕರ್ತರು ಕೈಯಲ್ಲಿ ಟ್ಯಾಬ್ ಹಿಡಿದು, ರೋಗಿಯ ಮನೆಯನ್ನು ಉಪಗ್ರಹದ ಗುರುತಿನೊಂದಿಗೆ ನಕಾಶೆಯಲ್ಲಿ ದಾಖಲಿಸಿ, ಸುತ್ತಲಿನ ಮನೆಗಳನ್ನೂ ನೀರಿನ ತಾಣಗಳನ್ನೂ ಬೇಗ ಹೋಗಿ ನೋಡುವ ಪದ್ಧತಿ ತಂದರು. ಅಲ್ಲಿ ಮಲೇರಿಯಾ ಗಟ್ಟಿಯಾಗಿ ಇಳಿಯಿತು. ಅಲ್ಲಿ ಇಳಿದದ್ದರ ಫಲ ಗುಳೆಯಿಂದ ಮರಳಿ ಬರುವ ನಮ್ಮ ಮಕ್ಕಳಿಗೂ ಸಿಕ್ಕಿದೆ.

ಮಲೇರಿಯಾ ಒಂದರದೇ ನಕಾಶೆ ಇಷ್ಟು. ಆನೆಕಾಲು ರೋಗದ್ದು ಇನ್ನೂ ಬೇರೆ, ಅದನ್ನು ರಾತ್ರಿಯೇ ಬರೆಯಬೇಕು. ಕಲಬುರಗಿ, ಯಾದಗಿರಿ ಜಿಲ್ಲೆಗಳು ಬಹಳ ಕಾಲದಿಂದ ಈ ರೋಗ ಕಂಡಿವೆ. ಇದರ ಹುಳದ ಮರಿಗಳು ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ರಾತ್ರಿ ಹತ್ತರ ಮೇಲೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಕ್ಯುಲೆಕ್ಸ್ ಸೊಳ್ಳೆ ಕಚ್ಚುವುದೂ ಆ ಹೊತ್ತಿಗೇ. ಗಡಿಯಾರವಿಲ್ಲದ ಎರಡು ಜೀವಿಗಳು ಹೊತ್ತು ಹೊಂದಿಸಿಕೊಂಡಿವೆ. ಹಗಲಲ್ಲಿ ರಕ್ತ ತೆಗೆದರೆ ಊರು ನಿರೋಗಿ, ನಡುರಾತ್ರಿ ತೆಗೆದರೆ ರೋಗಿಗಳು ಕಾಣುತ್ತಾರೆ. ಹಾಗಾಗಿ ತಂಡದವರು ಬ್ಯಾಟರಿ ಹಿಡಿದು, ಮಲಗಿದವರನ್ನು ಎಬ್ಬಿಸಿ ರಕ್ತ ಕೇಳುತ್ತಾರೆ. ಅವರನ್ನು ಕಂಡರೆ ಬೈಯಬೇಡಿ ಎಂದು ನನ್ನ ಕಳಕಳಿ. ಆ ಹೊತ್ತಿಗಲ್ಲದೆ ಬೇರೆ ಹೊತ್ತಿಗೆ ಆ ಕೆಲಸ ಆಗದು.

ಮೆದುಳುಜ್ವರದ ವೈರಸ್ ಭತ್ತದ ಗದ್ದೆಯ ಸೊಳ್ಳೆ, ಕೊಕ್ಕರೆ, ಹಂದಿಗಳ ನಡುವೆ ಸುತ್ತುತ್ತಿದ್ದು ಆಗೊಮ್ಮೆ ಮಗುವಿನ ತಲೆಗೇರುತ್ತದೆ. ಅದರ ಲಸಿಕೆ 2006ರಲ್ಲಿ ಬಳ್ಳಾರಿ ಜಿಲ್ಲೆಗೆ ಬಂತು, ನಕಾಶೆಯಲ್ಲಿ ಆ ಜಿಲ್ಲೆ ಕೆಂಪಾಗಿದ್ದುದರಿಂದಲೇ. ಚಿಕೂನ್‌ಗುನ್ಯಾ 1973ರ ಬಳಿಕ ದೇಶದಲ್ಲಿ ಕಾಣದೆ ಹೋಗಿ, 2005ರ ಕೊನೆಗೆ ಮತ್ತೆ ಎದ್ದಿತು. 2006ರಲ್ಲಿ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಬಂದಿರಬಹುದೆಂದು ಲೆಕ್ಕ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲೇ. ಕೀಲು ಹಿಡಿದು ಎದ್ದು ಕೂರಲಾರದೆ ಮಂದಿ ನರಳಿದ್ದು ಹಳ್ಳಿಗಳಲ್ಲಿ ಇನ್ನೂ ನೆನಪಿದೆ. ಅದನ್ನೂ ಡೆಂಗಿಯನ್ನೂ ತರುವ ಈಡಿಸ್ ಸೊಳ್ಳೆಗೆ ಹೊಳೆ ಕಾಲುವೆ ಬೇಕಿಲ್ಲ. ನಲ್ಲಿ ನೀರು ದಿನಬಿಟ್ಟು ದಿನ ಬರುವ ಊರಲ್ಲಿ ತುಂಬಿಟ್ಟ ಬ್ಯಾರಲ್ಲು, ಸಿಮೆಂಟಿನ ತೊಟ್ಟಿ ಸಾಕು. ನೀರಿನ ಬರವೂ ಹೀಗೆ ಸೊಳ್ಳೆ ಸಾಕುತ್ತದೆ. ಕಾಲುವೆ ಬಂದ ಊರಿಗೆ ಒಂದು ಸೊಳ್ಳೆ, ಬಾರದ ಊರಿಗೆ ಇನ್ನೊಂದು.

ಈಗ ಜಗತ್ತಿನ ಮಲೇರಿಯಾ ನಕಾಶೆಯನ್ನು ಕಂಪ್ಯೂಟರಿನಲ್ಲಿ ಐದು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಬಿಡಿಸುತ್ತಾರೆ. ಉಷ್ಣತೆ, ಮಳೆ, ಹಸಿರು ಎಲ್ಲವನ್ನೂ ಉಪಗ್ರಹ ಮೇಲಿನಿಂದ ಹೇಳುತ್ತದೆ. ಪಾಮನಕಲ್ಲೂರೂ ಅಂಥ ಒಂದು ಚೌಕದೊಳಗೆ ಇದೆ. ಪರೀಕ್ಷೆ ಆಗದ ಜಾಗದಲ್ಲಿ ಏನಿರಬಹುದೆಂದು ಗಣಿತ ಊಹಿಸಿ ತುಂಬುತ್ತದೆ. ಅದು ದೊಡ್ಡ ವಿದ್ಯೆ, ನಾನು ಅದಕ್ಕೆ ತಲೆಬಾಗುತ್ತೇನೆ. ಆದರೆ ಉಪಗ್ರಹಕ್ಕೆ ಗದ್ದೆ ಕಾಣುತ್ತದೆ, ಗದ್ದೆಯ ಸೊಳ್ಳೆ ಎ ಜಾತಿಯದೋ ಬಿ ಜಾತಿಯದೋ ಕಾಣುವುದಿಲ್ಲ. ಮನೆಯ ಚಾವಣಿ ಕಾಣುತ್ತದೆ, ಒಳಗೆ ಮಲಗಿದವನು ಮಂಗಳೂರಿನಿಂದ ಬಂದದ್ದು ಕಾಣುವುದಿಲ್ಲ.

ಈ ಶತಮಾನದ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಲಕ್ಷ ಮೀರಿ ಮಲೇರಿಯಾ ರೋಗಿಗಳಿದ್ದ ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಆ ಲೆಕ್ಕ ನೂರುಗಳಿಗೆ ಇಳಿದಿದೆ. 2030ರೊಳಗೆ ದೇಶದಿಂದಲೇ ತೊಲಗಿಸಬೇಕೆಂಬ ಗುರಿ ಇದೆ. 1965ರಲ್ಲೂ ನಾವು ಇಂಥದೇ ಜಾಗದಲ್ಲಿ ನಿಂತಿದ್ದೆವು. ಆದ್ದರಿಂದ ಓದುವವರಲ್ಲಿ ಒಂದು ವಿನಂತಿ. ಚಳಿ ಹತ್ತಿ ಜ್ವರ ಬಂದರೆ ಅಂಗಡಿಯ ಮಾತ್ರೆಗೂ ಸೂಜಿಗೂ ಮೊದಲು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಎಲ್ಲಿಗೆ ದುಡಿಯಲು ಹೋಗಿದ್ದಿರಿ, ಯಾವಾಗ ಬಂದಿರಿ ಎಂದು ಕೇಳಿದರೆ ಮುಚ್ಚಿಡದೆ ಹೇಳಿ. ವೈವ್ಯಾಕ್ಸ್ ಎಂದು ತಿಳಿದು ವೈದ್ಯರು ಹದಿನಾಲ್ಕು ದಿನದ ಪ್ರೈಮಾಕ್ವಿನ್ ಕೊಟ್ಟರೆ, ಮೂರನೇ ದಿನಕ್ಕೇ ಜ್ವರ ಬಿಟ್ಟಿದ್ದರೂ, ಹದಿನಾಲ್ಕೂ ದಿನ ನುಂಗಿ.